ಒಂದು ಚೀಲದ ಅಳತೆಗೆ ಕಟ್ಟಿ

ಕರ್ನಾಟಕದ ಕೃಷಿ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳ ಮಾನ್ಯ ಸದಸ್ಯರಿಗೆ,



ಮೂವತ್ತೊಂದು ವರ್ಷ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಶಿರಾ ಸೀಮೆಯಲ್ಲಿ ಅಪ್ಪ ಬಿಟ್ಟುಹೋದ ಮೂರು ಎಕರೆ ಬೆದ್ದಲಿಗೆ ಇಳಿದವಳು ನಾನು. ಅರ್ಧಕ್ಕೆ ರಾಗಿ, ಅದರ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು. ಇನ್ನರ್ಧಕ್ಕೆ ಸಾಮೆ, ಮೂಲೆಯ ಕಲ್ಲುನೆಲಕ್ಕೆ ಒಂದಷ್ಟು ಕೊರಲೆ. ಕೊಳವೆಬಾವಿ ಕೊರೆಸಿಲ್ಲ. ಮುಂಗಾರು ಕೈಹಿಡಿದರೆ ಕಾಳು, ಕೈಬಿಟ್ಟರೆ ದನಕ್ಕೆ ಮೇವು. ನನ್ನಂಥವರು ಅಪರೂಪವೇನಲ್ಲ. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿಗಳ ಪೈಕಿ ಶೇ. 86ರಷ್ಟು ಸಣ್ಣ ಮತ್ತು ಅತಿ ಸಣ್ಣ ರೈತರವೇ, ಅಂದರೆ ಸುಮಾರು ಐದು ಎಕರೆಯೊಳಗಿನವು. ನಮ್ಮ ರಾಜ್ಯದಲ್ಲೂ ಐದು ಹಿಡುವಳಿಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಇಂಥವೇ.

ಹೊಸ ಪ್ರಯೋಗಾಲಯ, ಹೊಸ ಸಂಸ್ಕರಣಾ ಘಟಕ, ಹೊಸ ತರಬೇತಿ ಭವನ, ಶೀತಲಗೃಹ ಎಂದು ಬಗೆಬಗೆಯ ಕಟ್ಟಡಗಳ ನಕ್ಷೆಗಳು ನಿಮ್ಮ ಮೇಜಿನ ಮೇಲೆ ಬರುತ್ತಲೇ ಇರುತ್ತವೆ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಹೊಸದೊಂದು ಕೃಷಿ ವಿಶ್ವವಿದ್ಯಾಲಯವೇ ರೂಪುಗೊಳ್ಳುತ್ತಿದೆ. ಆ ನಕ್ಷೆಗಳಿಗೆ ಸಹಿ ಬೀಳುವ ಮುನ್ನ ನನ್ನದೊಂದು ಮಾತು ಕೇಳಿಸಿಕೊಳ್ಳಿ ಎಂದು ಕೇಳಲು ಈ ಪತ್ರ.

ಹೋದ ವರ್ಷ ನನ್ನ ಹೊಲದಲ್ಲಿ ಸಾಮೆ ಚೆನ್ನಾಗಿ ಆಯಿತು. ಮನೆಯ ಊಟಕ್ಕೆ, ಮಗಳಿಗೆ, ತಂಗಿಯ ಮನೆಗೆ ಎಂದು ಒಂದು ಚೀಲ ಎತ್ತಿಟ್ಟೆ. ಐವತ್ತು ಕಿಲೋ. ಅದನ್ನು ಅಕ್ಕಿ ಮಾಡಿಸಬೇಕಿತ್ತು. ನಮ್ಮೂರ ಗಿರಣಿಯಲ್ಲಿ ರಾಗಿ ಬೀಸುತ್ತಾರೆ, ಮೆಣಸಿನಕಾಯಿ ಪುಡಿ ಮಾಡುತ್ತಾರೆ. ಸಾಮೆಯ ಹೊಟ್ಟು ಬಿಡಿಸುವ ಯಂತ್ರ ಇಲ್ಲ. ಮೂವತ್ತು ಮೈಲಿ ಆಚೆ ಒಂದು ಸಿರಿಧಾನ್ಯ ಘಟಕ ಇದೆ ಎಂದು ಯಾರೋ ಹೇಳಿದರು. ಚೀಲವನ್ನು ಬಸ್ಸಿಗೆ ಹಾಕಿಸಿ, ಅದಕ್ಕೂ ಚೀಟಿ ಕೊಂಡು, ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ಅಲ್ಲಿಗೆ ಹೋದೆ.

ಬಾಗಿಲಲ್ಲಿದ್ದ ಹುಡುಗ ಕೇಳಿದ: “ಎಷ್ಟು ತಂದಿದೀರಮ್ಮ?”

“ಒಂದು ಚೀಲ ಕಣಪ್ಪ.”

“ಒಂದು ಚೀಲಕ್ಕೆಲ್ಲ ಮಿಷನ್ ಹಾಕಕ್ಕಾಗಲ್ಲಮ್ಮ. ಐದು ಕ್ವಿಂಟಾಲ್ ಆದ್ರೆ ತಗಂಬನ್ನಿ.”

ಆ ಹುಡುಗ ನನ್ನನ್ನು ಗದರಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಕೂರಿಸಿ, ನೀರು ಕೊಟ್ಟು, ಯಂತ್ರದ ಸಾಲನ್ನು ತೋರಿಸಿದ. ಕಾಳು ಮೊದಲು ಜರಡಿಗೆ, ಅಲ್ಲಿಂದ ಕಲ್ಲು ಬೇರ್ಪಡಿಸುವ ಯಂತ್ರಕ್ಕೆ, ಅಲ್ಲಿಂದ ಹೊಟ್ಟು ಬಿಡಿಸುವ ಯಂತ್ರಕ್ಕೆ, ಆಮೇಲೆ ಗಾಳಿಗೆ, ಮತ್ತೆ ಜರಡಿಗೆ. ಒಂದರಿಂದ ಇನ್ನೊಂದಕ್ಕೆ ಕಾಳನ್ನು ಮೇಲೆತ್ತುವ ಕೊಳವೆಗಳು. “ಇದರೊಳಗೇ ಎಷ್ಟೋ ಕಿಲೋ ಉಳ್ಕಳುತ್ತಮ್ಮ. ನಿಮ್ಮ ಚೀಲ ಹಾಕಿದ್ರೆ ಹೊಟ್ಟೆ ತುಂಬೋದು ಮಿಷನ್ನಿಗೆ, ನಿಮಗಲ್ಲ” ಅಂದ. ಹಿಂದಿನ ದಿನ ಯಾರದೋ ನವಣೆ ಓಡಿತ್ತು. ಅದನ್ನು ಪೂರ್ತಿ ಬಿಡಿಸಿ, ಗುಡಿಸಿ, ನನ್ನ ಸಾಮೆ ಹಾಕುವುದಕ್ಕೆ ಅರ್ಧ ದಿನ ಬೇಕು. ಆತ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಯಂತ್ರವನ್ನು ಯಾರೋ ಐದು ಕ್ವಿಂಟಾಲಿನ ಅಳತೆಗೆ ಆರಿಸಿ ತಂದಿದ್ದರು, ಅಷ್ಟೆ.

ಚೀಲ ವಾಪಸ್ ಬಂತು. ನಮ್ಮಮ್ಮನ ಒರಳು ಹಿತ್ತಲಲ್ಲಿ ಇನ್ನೂ ಇದೆ. ಕುಟ್ಟಿ ನೋಡಿದೆ. ಎರಡು ಸೇರು ಆಗುವಷ್ಟರಲ್ಲಿ ರಟ್ಟೆ ಸೋತು ಕೂತೆ. ಕೊನೆಗೆ ಚೀಲವನ್ನು ಹೊಟ್ಟು ಸಮೇತ ವ್ಯಾಪಾರಿಗೆ ಕೊಟ್ಟೆ. ಸಂಕ್ರಾಂತಿಗೆ ತುಮಕೂರಿನ ಅಂಗಡಿಯಲ್ಲಿ ಅಂದವಾದ ಪೊಟ್ಟಣದ ಸಾಮೆ ಅಕ್ಕಿ ಕೊಂಡು ತಂದೆ, ಕಾಳು ಮಾರಿದ ದರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಟ್ಟು. ಅಂದು ಬಾಣಲೆಯಲ್ಲಿ ಸಾಮೆ ಬಿಸಿಬೇಳೆಭಾತ್ ಕುದಿಯುವಾಗ ನನಗಾದ ಸಂಕಟ ದುಡ್ಡಿನದಲ್ಲ. ಉತ್ತು, ಬಿತ್ತು, ಕಳೆ ತೆಗೆದು, ಹಕ್ಕಿ ಕಾದವಳು ಅದನ್ನು ಅನ್ನ ಮಾಡುವ ಕೊನೆಯ ಹೆಜ್ಜೆಯಲ್ಲಿ ಸೋತು, ಅಂಗಡಿಯ ಮುಂದೆ ನಿಲ್ಲಬೇಕಾಯಿತಲ್ಲ ಎನ್ನುವುದು.

ಇದು ಸಾಮೆಯಂಥ ಕಾಳುಗಳಿಗೆ ಇರುವ ತೊಡಕು, ರಾಗಿಗೆ ಇಲ್ಲ. ರಾಗಿಯ ಮೇಲಿನ ಸಿಪ್ಪೆ ಒಕ್ಕಣೆಯಲ್ಲೇ ಉದುರುತ್ತದೆ. ತೂರಿ, ಕೇರಿ, ಬೀಸಿದರೆ ಹಿಟ್ಟು. ಸಾಮೆ, ನವಣೆ, ಹಾರಕ, ಊದಲು, ಬರಗು, ಕೊರಲೆಗಳಿಗೆ ಗಟ್ಟಿಯಾದ ಹೊಟ್ಟಿನ ಕವಚ ಇದೆ. ಅದನ್ನು ಬಿಡಿಸದೆ ಅವು ಅನ್ನವಾಗುವುದಿಲ್ಲ. ನಮ್ಮಮ್ಮನ ಕಾಲದಲ್ಲಿ ಆ ಕೆಲಸವನ್ನು ಒನಕೆ ಮಾಡುತ್ತಿತ್ತು, ಅಂದರೆ ಹೆಂಗಸರ ರಟ್ಟೆ ಮಾಡುತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಇಬ್ಬರು ಎದುರುಬದುರು ನಿಂತು ಕುಟ್ಟುವ ಸದ್ದಿಗೆ ನಾನು ಎಚ್ಚರವಾಗುತ್ತಿದ್ದೆ. ಆ ದುಡಿತವನ್ನು ಯಾವ ಸೊಸೆಯ ಮೇಲೂ ಮತ್ತೆ ಹೇರಬಾರದು. ಒನಕೆ ಮೂಲೆ ಸೇರಿದ್ದು ಒಳ್ಳೆಯದೇ ಆಯಿತು. ಆದರೆ ಅದರ ಜಾಗಕ್ಕೆ ಊರೊಳಗೆ ಏನೂ ಬರಲಿಲ್ಲ. ನಮ್ಮೂರಿನಲ್ಲಿ ಸಾಮೆ ಬಿಟ್ಟು ಕಡಲೆಕಾಯಿಗೂ ಮುಸುಕಿನ ಜೋಳಕ್ಕೂ ತಿರುಗಿದ ಮನೆಗಳನ್ನು ಒಂದೊಂದಾಗಿ ಕೇಳಿದ್ದೇನೆ. ಮಳೆ ಸಾಲದು ಎಂದವರು ಕಡಿಮೆ. “ಕುಟ್ಟೋರ್ಯಾರು ಟೀಚರಮ್ಮ?” ಅಂದವರೇ ಹೆಚ್ಚು.

ಇನ್ನೊಂದು ವಿಷಯ ನಿಮ್ಮ ಆಹಾರ ವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು. ಹೊಟ್ಟಿನೊಳಗೆ ಇರುವಷ್ಟು ದಿನ ಸಾಮೆ ವರ್ಷಗಟ್ಟಲೆ ಕೆಡುವುದಿಲ್ಲ. ಹೊಟ್ಟು ಬಿಡಿಸಿದ ಕೂಡಲೇ ತವುಡಿನಲ್ಲಿರುವ ಕೊಬ್ಬಿನಂಶಕ್ಕೆ ಗಾಳಿ ತಾಗಿ, ಕೆಲವು ತಿಂಗಳಿಗೆ ಅಕ್ಕಿ ಮುಗ್ಗಲು ಹಿಡಿಯುತ್ತದೆ. ತವುಡೆಲ್ಲ ಹೋಗುವ ಹಾಗೆ ಹೊಳಪು ಕೊಟ್ಟರೆ ಬಾಳಿಕೆ ಬರುತ್ತದೆ, ಆದರೆ ಸಿರಿಧಾನ್ಯದ ಸಿರಿ ತವುಡಿನ ಜೊತೆಗೇ ಹೊರಟುಹೋಗುತ್ತದೆ. ಹಾಗಾಗಿ ಇದನ್ನು ಕಾಳಾಗಿ ಇಟ್ಟು, ಬೇಕಾದಾಗ ಬೇಕಾದಷ್ಟು ಬಿಡಿಸಿಕೊಳ್ಳಬೇಕು. ಹಳಬರು ಮಾಡುತ್ತಿದ್ದುದೂ ಅದನ್ನೇ. ಅಂದಮೇಲೆ ಹೊಟ್ಟು ಬಿಡಿಸುವ ಯಂತ್ರ ವರ್ಷಕ್ಕೊಮ್ಮೆ ಲಾರಿಯಲ್ಲಿ ಹೋಗುವ ದೂರದಲ್ಲಿದ್ದರೆ ಸಾಲದು. ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಹೋಗಿಬರುವ ಹತ್ತಿರದಲ್ಲಿರಬೇಕು. ಯಂತ್ರ ಎಷ್ಟು ದೊಡ್ಡದಿರಬೇಕು, ಎಲ್ಲಿರಬೇಕು ಎಂಬುದನ್ನು ಕಾಳಿನ ಗುಣವೇ ಹೇಳುತ್ತಿದೆ.

ಮಾನ್ಯರೇ, ನಾನು ಈ ಸಂಸ್ಥೆಗಳ ಋಣ ಮರೆತು ಬರೆಯುತ್ತಿಲ್ಲ. ಮಕ್ಕಳಿಗೆ ಪಾಠ ಮಾಡುವಾಗ ಬೆಂಗಳೂರಿನ ಹೆಬ್ಬಾಳದ ಕತೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದ ಮಹಾರಾಣಿಯವರು ಅಲ್ಲಿ ಮೂವತ್ತು ಎಕರೆ ನೆಲ ಕೊಟ್ಟು ಪ್ರಯೋಗದ ತೋಟ ಆರಂಭವಾಯಿತು. ಲೇಮನ್ ಎಂಬ ವಿಜ್ಞಾನಿ ಅಲ್ಲಿ ಮಣ್ಣಿನ ರಸಾಯನ ನೋಡಿದರು. ಆಮೇಲೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ತೋಟಗಳಿಗೆ ಹೋಗಿ ಕೊಳೆರೋಗದ ಹಿಂದೆ ಬಿದ್ದರು. ಅಲ್ಲಿಯವರೆಗೆ ತೋಟಿಗರು ಮಳೆಗಾಲಕ್ಕೆ ಮುಂಚೆ ಪ್ರತಿ ಗೊನೆಗೂ ಮಳೆ ತಡೆಯುವ ಕೊಟ್ಟೆ ಕಟ್ಟಿ ಅಡಿಕೆ ಉಳಿಸಿಕೊಳ್ಳುತ್ತಿದ್ದರು. ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಕೋಲ್ಮನ್ ಅಡಿಕೆಗೆ ಹೊಂದಿಸಿ ಕೊಟ್ಟರು. ನೂರು ವರ್ಷ ದಾಟಿದೆ. ಇಂದಿಗೂ ಮಳೆಗಾಲ ಬಂತೆಂದರೆ ಮಲೆನಾಡಿನ ಮನೆಯಂಗಳಗಳಲ್ಲಿ ಪೀಪಾಯಿಯೊಳಗೆ ಆ ನೀಲಿ ನೀರು ಕದಡುತ್ತದೆ.

ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು, ತನ್ನೊಳಗೇ ಪರಾಗ ಮುಗಿಸಿಕೊಳ್ಳುವಂಥದು. ಅದನ್ನು ಸಂಕರ ಮಾಡಲು ಅವರು ಪಟ್ಟ ತಾಳ್ಮೆಗೆ ನಮ್ಮಪ್ಪನ ತಲೆಮಾರಿನವರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಿಟ್ಟು ಕರೆದರು. ಧಾರವಾಡದಲ್ಲಿ ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಹತ್ತಿಯನ್ನು ಕೊಟ್ಟರು. ಈಗ ನಾನು ಬಿತ್ತುವ ಜಿಪಿಯು-28 ರಾಗಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ್ದು. ಬೆಂಕಿರೋಗ ತಡೆಯುತ್ತದೆ ಎಂದು ಪಕ್ಕದ ಊರಿನವರು ಎರಡು ಸೇರು ಬೀಜ ಕೊಟ್ಟರು. ಇಷ್ಟು ವರ್ಷದಿಂದ ಅದರ ಮಕ್ಕಳು ಮೊಮ್ಮಕ್ಕಳನ್ನೇ ಬಿತ್ತುತ್ತಿದ್ದೇನೆ.

ಈ ಎಲ್ಲ ಕೊಡುಗೆಗಳಲ್ಲಿ ಒಂದು ಸಮಾನ ಗುಣ ಇದೆ. ಬೀಜವನ್ನು ಹಿಡಿಯಲ್ಲಿ ಕೊಡಬಹುದು. ಒಂದು ಎಕರೆಯವನಿಗೂ ಅದು ಅಷ್ಟೇ ಚೆನ್ನಾಗಿ ಮೊಳೆಯುತ್ತದೆ, ಐವತ್ತು ಎಕರೆಯವನಿಗೂ ಅಷ್ಟೇ. ದ್ರಾವಣದ ಪಾಕ ಗೊತ್ತಿದ್ದರೆ ಹತ್ತು ಮರಕ್ಕೂ ಮಾಡಿಕೊಳ್ಳಬಹುದು, ಸಾವಿರಕ್ಕೂ ಮಾಡಿಕೊಳ್ಳಬಹುದು. ಬಡವರಿಗಾಗಿ ಬೇರೆ ಏರ್ಪಾಡು ಮಾಡಬೇಕಾಗಿರಲಿಲ್ಲ. ಕೊಟ್ಟ ವಸ್ತುವೇ ತಾನಾಗಿ ಹಂಚಿಹೋಗುತ್ತಿತ್ತು. ಈಗ ನಮಗೆ ಬೇಕಾಗಿರುವುದು ಹೊಟ್ಟು ಬಿಡಿಸುವ ಯಂತ್ರ, ಮಣ್ಣು ನೋಡುವ ಪ್ರಯೋಗಾಲಯ, ಕಾಳು ಒಣಗಿಸಿ ಇಡುವ ಗೋದಾಮು. ಇವು ಬೀಜದ ಹಾಗೆ ಹರಡುವುದಿಲ್ಲ. ಒಂದು ಕಡೆ ನಿಂತಿರುತ್ತವೆ, ಅವುಗಳ ಬಾಗಿಲಿಗೆ ಒಂದು ಅಳತೆ ಇರುತ್ತದೆ. ಆ ಅಳತೆಯನ್ನು ಯಾರಾದರೂ ಕೂತು, ಒಂದು ಚೀಲದವರನ್ನು ನೆನೆದು ತೀರ್ಮಾನಿಸದಿದ್ದರೆ, ದೊಡ್ಡವರ ಅಳತೆಯೇ ತನ್ನಿಂತಾನೆ ನಿಂತುಬಿಡುತ್ತದೆ. ಯಾರೂ ನಮ್ಮನ್ನು ಬೇಕೆಂದು ಹೊರಗಿಡುವುದಿಲ್ಲ; ಲೆಕ್ಕ ಹಾಕುವಾಗ ನಾವು ನೆನಪಾಗುವುದಿಲ್ಲ.

ಮಣ್ಣಿನ ಪರೀಕ್ಷೆಯನ್ನೇ ನೋಡಿ. 2015ರಲ್ಲಿ ಮಣ್ಣು ಆರೋಗ್ಯ ಚೀಟಿ ಬಂದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಮಕ್ಕಳಿಗೆ ಅದನ್ನು ಓದಿಸಿದ್ದೆ. ರಸಸಾರ, ಲವಣಾಂಶ, ಸಾವಯವ ಇಂಗಾಲದಿಂದ ಹಿಡಿದು ಸತು, ಬೋರಾನಿನವರೆಗೆ ಹನ್ನೆರಡು ಅಂಶಗಳು. ಸಾರಜನಕ, ರಂಜಕ, ಪೊಟ್ಯಾಷ್ ಬಿಟ್ಟು ಬೇರೆಯದರ ಹೆಸರೇ ಕೇಳದಿದ್ದ ನಮಗೆ ಅದು ದೊಡ್ಡ ತಿಳಿವಳಿಕೆ. ಅದಕ್ಕೂ ಮೊದಲು, 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಜೊತೆ ನಮ್ಮ ಕೃಷಿ ಇಲಾಖೆ ಮತ್ತು ವಿಶ್ವವಿದ್ಯಾಲಯಗಳು ಸೇರಿ, ಈ ಮಳೆಯಾಶ್ರಿತ ಮಣ್ಣಿನಲ್ಲಿ ಗಂಧಕ, ಸತು, ಬೋರಾನ್ ಬರಿದಾಗಿರುವುದನ್ನು ತೋರಿಸಿಕೊಟ್ಟಿದ್ದವು. ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ಎಂಬ ಹೆಸರುಗಳು ನಮ್ಮ ಜಗಲಿಯ ಮಾತಿಗೆ ಬಂದದ್ದು ಆಗಲೇ.

ಆದರೆ ಆ ಚೀಟಿಗೆ ಮಣ್ಣು ತೆಗೆದ ಲೆಕ್ಕ ಹೀಗಿತ್ತು: ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಮಳೆಯಾಶ್ರಿತದಲ್ಲಿ ಹತ್ತು ಹೆಕ್ಟೇರಿಗೆ ಒಂದು. ಹತ್ತು ಹೆಕ್ಟೇರ್ ಅಂದರೆ ಇಪ್ಪತ್ತೈದು ಎಕರೆ. ನನ್ನ ಮೂರು ಎಕರೆಯ ಸುತ್ತ ಇಪ್ಪತ್ತೈದು ಎಕರೆಯಲ್ಲಿ ಏಳೆಂಟು ಮನೆಯವರ ಹೊಲಗಳಿವೆ. ಒಬ್ಬರು ವರ್ಷವರ್ಷ ಕೆರೆಗೋಡು ಹೊಡೆಸುತ್ತಾರೆ, ಒಬ್ಬರು ಕುರಿ ನಿಲ್ಲಿಸುತ್ತಾರೆ, ಒಬ್ಬರ ಹೊಲ ದಿಬ್ಬದ ಮೇಲಿನ ಕೆಂಪು ಗರಸು, ಇನ್ನೊಬ್ಬರದು ತಗ್ಗಿನ ಕರಿಮಣ್ಣು. ನಮಗೆಲ್ಲ ಒಂದೇ ಮಾದರಿಯ ಚೀಟಿ. ನೂರು ಎಕರೆಯ ಯಜಮಾನನಿಗೆ ಆ ಲೆಕ್ಕದಲ್ಲಿ ತನ್ನ ಹೊಲದ್ದೇ ನಾಲ್ಕು ಮಾದರಿ ಸಿಗುತ್ತವೆ. ನಮಗೆ ನೆರೆಯವರ ಮಣ್ಣಿನ ಭವಿಷ್ಯ ಸಿಗುತ್ತದೆ. ದೇಶದಷ್ಟು ದೊಡ್ಡ ಕೆಲಸವನ್ನು ಬೇಗ ಮುಗಿಸಲು ಹಾಗೆ ಮಾಡಬೇಕಾಯಿತು ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಅದರ ಮೇಲಿನ ಹೆಜ್ಜೆಯನ್ನು ಇಡಬೇಕಾದವರು ನೀವು: ಎಂಟು ಹತ್ತು ಕಡೆ ಗುಣಿ ತೋಡಿ, ಬೆರೆಸಿ, ನಾಲ್ಕು ಪಾಲು ಮಾಡಿ, ಅರ್ಧ ಕಿಲೋ ಮಣ್ಣನ್ನು ಬಟ್ಟೆಚೀಲದಲ್ಲಿ ಕಟ್ಟಿ ತಂದವಳಿಗೆ ಅವಳ ಹೊಲದ್ದೇ ಫಲಿತಾಂಶವನ್ನು ಬಿತ್ತನೆಗೆ ಮುಂಚೆ ಕೈಗೆ ಕೊಡುವ ಪ್ರಯೋಗಾಲಯ. ಯುಗಾದಿ ಕಳೆದು ಮಣ್ಣು ಕೊಟ್ಟರೆ ಮೃಗಶಿರ ಮಳೆಯೊಳಗೆ ಉತ್ತರ ಬರಬೇಕು. ದೀಪಾವಳಿಗೆ ಬರುವ ಚೀಟಿ ಹೊಲಕ್ಕೆ ಯಾವ ಉಪಕಾರವನ್ನೂ ಮಾಡುವುದಿಲ್ಲ.

ಸಣ್ಣ ಅಳತೆಗೆ ಬಾಗಿದಾಗ ದೊಡ್ಡ ಸಂಸ್ಥೆಗಳು ಏನು ಮಾಡಬಲ್ಲವು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಮರ ಸಾಕ್ಷಿಯಾಗಿ ನಿಂತಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದಲ್ಲಿ ತಾಮ್ರದ ಬಣ್ಣದ ತೊಳೆಯ ಹಲಸಿನ ಮರ ಒಂದೇ ಒಂದು ಇತ್ತು. ಹಣ್ಣು ಎರಡೂವರೆ ಕಿಲೋ ಆಸುಪಾಸು, ಒಂದು ಮನೆಯವರು ಒಂದು ಹೊತ್ತಿಗೆ ತಿಂದು ಮುಗಿಸುವಷ್ಟು. ಹಿರೇಹಳ್ಳಿಯಲ್ಲಿರುವ ತೋಟಗಾರಿಕಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ಒಂದು ಮರದ ಹತ್ತಿರ ಹೋಗಿ, ಹಣ್ಣಿನ ಗುಣ ಪರೀಕ್ಷಿಸಿ, ಕಸಿ ಮಾಡಿ, ‘ಸಿದ್ದು’ ಎಂದು ಆ ಮನೆಯ ಹಿರಿಯರ ಹೆಸರಿಟ್ಟು, 2017ರಲ್ಲಿ ಆ ರೈತರ ಜೊತೆಗೇ ಒಪ್ಪಂದ ಮಾಡಿಕೊಂಡರು. ಗಿಡ ಮಾರಿದ ಹಣದಲ್ಲಿ ದೊಡ್ಡ ಪಾಲು ರೈತರಿಗೆ. ಸಂಸ್ಥೆಯ ಪ್ರಯೋಗಾಲಯವೂ ಕಸಿಮನೆಯೂ ಒಬ್ಬರ ಒಂದು ಮರಕ್ಕಾಗಿ ಕೆಲಸ ಮಾಡಿದವು. ಇಂದು ರಾಜ್ಯದ ಉದ್ದಗಲಕ್ಕೂ ಆ ಕಸಿಗಿಡಗಳಿವೆ.

ಶಿವಮೊಗ್ಗದ ಉದಾಹರಣೆ ಇನ್ನೊಂದು ಬಗೆಯದು. 2018ರ ಮೇ ತಿಂಗಳಲ್ಲಿ ಅಲ್ಲಿನ ಮುಸುಕಿನ ಜೋಳದ ಹೊಲಗಳಲ್ಲಿ ಸುಳಿ ತಿನ್ನುವ ಹೊಸದೊಂದು ಹುಳು ಕಂಡಿತು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ. ಅಮೆರಿಕ ಖಂಡದಿಂದ ಆಫ್ರಿಕಕ್ಕೆ ದಾಟಿ ಬಂದಿದ್ದ ಫಾಲ್ ಸೈನಿಕ ಹುಳು ಅದು ಎಂದು ಭಾರತದಲ್ಲಿ ಮೊದಲು ಗುರುತಿಸಿದವರು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದವರು. ಆ ವಿಶ್ವವಿದ್ಯಾಲಯ ಹುಟ್ಟಿದ್ದು 2012ರಲ್ಲಿ. ಹೊಲಕ್ಕೂ ಸೂಕ್ಷ್ಮದರ್ಶಕಕ್ಕೂ ನಡುವಿನ ದಾರಿ ಚಿಕ್ಕದಿದ್ದುದರಿಂದ ದೇಶಕ್ಕೇ ಮುನ್ನೆಚ್ಚರಿಕೆ ಸಿಕ್ಕಿತು. ಹತ್ತಿರದಲ್ಲಿ ಕಟ್ಟಿದ್ದರ ಫಲ ಇದು.

ಹಾಗಾದರೆ ಏನು ಕಟ್ಟಬೇಕು, ಹೇಗೆ ಕಟ್ಟಬೇಕು ಎಂದು ನೀವು ಕೇಳಬಹುದು. ನನಗೆ ತೋಚಿದ್ದನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ಪ್ರತಿ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಪ್ರತಿ ಸಂಶೋಧನಾ ಕೇಂದ್ರದಲ್ಲಿ ಒಂದು ಚೀಲದ ಘಟಕ ಇರಲಿ. ಎತ್ತುವ ಕೊಳವೆಗಳಿಲ್ಲದ, ಕೈಯಲ್ಲೇ ಸುರಿದು ಕೈಯಲ್ಲೇ ಬಿಡಿಸಿಕೊಳ್ಳುವ, ಹತ್ತು ನಿಮಿಷದಲ್ಲಿ ಗುಡಿಸಿ ಮುಂದಿನವರ ಕಾಳಿಗೆ ಸಿದ್ಧವಾಗುವ ಯಂತ್ರಗಳು ಸಾಕು. ಅವು ಸಿಂಗಲ್ ಫೇಸಿನಲ್ಲಿ ಓಡಬೇಕು. ನಮ್ಮ ಕಡೆ ತ್ರೀ ಫೇಸ್ ವಿದ್ಯುತ್ತು ದಿನಕ್ಕೆ ಕೆಲವೇ ತಾಸು, ಅದೂ ಪಾಳಿಯ ಮೇಲೆ. ಸಾಮೆಗೆ, ನವಣೆಗೆ, ತೊಗರಿ ಬೇಳೆಗೆ ವಾರದಲ್ಲಿ ಒಂದೊಂದು ದಿನ ಗೊತ್ತುಮಾಡಿ, ಸಂತೆಯ ದಿನದಂತೆ ಎಲ್ಲರಿಗೂ ನೆನಪಿರಲಿ.

ಎರಡನೆಯದು, ಅಲ್ಲಿ ಚೆನ್ನಾಗಿ ಓಡಿದ ಯಂತ್ರ ಹೋಬಳಿಗೆ ಇಳಿಯಲಿ. 2000ನೇ ಇಸವಿಯಿಂದ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ. ಬೀಜ ಕೊಳ್ಳಲು ನಾವು ಹೇಗೂ ಅಲ್ಲಿಗೆ ಹೋಗುತ್ತೇವೆ. ಅದರ ಪಕ್ಕದಲ್ಲಿ ಸ್ತ್ರೀಶಕ್ತಿ ಸಂಘದವರೋ ರೈತ ಉತ್ಪಾದಕರ ಕಂಪನಿಯವರೋ ಯಂತ್ರ ನಡೆಸಲಿ, ಕೂಲಿ ಪಡೆಯಲಿ. ವಿಶ್ವವಿದ್ಯಾಲಯ ಯಂತ್ರವನ್ನು ಆರಿಸಿ ಕೊಡಲಿ, ಕಲಿಸಲಿ, ಕೆಟ್ಟರೆ ಸರಿಮಾಡಲಿ. ಸರಿಮಾಡುವುದನ್ನು ಒತ್ತಿ ಹೇಳುತ್ತೇನೆ. ಹಳ್ಳಿಗಳಲ್ಲಿ ತುಕ್ಕು ಹಿಡಿದು ನಿಂತಿರುವ ಎಷ್ಟೋ ಯಂತ್ರಗಳು ಕೆಟ್ಟ ಯಂತ್ರಗಳಲ್ಲ. ಒಂದು ಬೆಲ್ಟು, ಒಂದು ರಬ್ಬರ್ ಉರುಳೆ, ಒಂದು ಬೇರಿಂಗು ಸಿಗದೆ ನಿಂತವು. ಪ್ರತಿ ಜಿಲ್ಲೆಯಲ್ಲಿ ಬಿಡಿಭಾಗ ಇಟ್ಟ ಒಂದು ದುರಸ್ತಿ ಶೆಡ್ಡು, ಐಟಿಐ ಕಲಿತ ಇಬ್ಬರು ಹುಡುಗರು ಇದ್ದರೆ ಆ ಯಂತ್ರಗಳು ಎದ್ದು ಓಡುತ್ತವೆ. ಭವನದ ಶಂಕುಸ್ಥಾಪನೆಗೆ ಸಿಗುವ ಹಣದಲ್ಲಿ ಒಂದು ಪಾಲು ಹತ್ತು ವರ್ಷದ ಸಂಬಳಕ್ಕೂ ಬಿಡಿಭಾಗಕ್ಕೂ ಎಂದು ಮೊದಲೇ ಕಟ್ಟಿಡಿ.

ಮೂರನೆಯದು, ಒಂದು ಕಣ ಕಟ್ಟಿಕೊಡಿ. ಇದನ್ನು ಕೇಳಿ ನಿಮಗೆ ಆಶ್ಚರ್ಯವಾಗಬಹುದು. ಸಗಣಿ ಸಾರಿಸಿದ ಕಣಗಳು ಹೋದವು, ಗುಂಡು ಎಳೆಯುವ ಎತ್ತುಗಳೂ ಹೋದವು. ಈಗ ಒಕ್ಕಣೆ ಡಾಂಬರು ರಸ್ತೆಯ ಮೇಲೆ. ಬೈಕಿನವರು ಜಾರಿ ಬೀಳುತ್ತಾರೆ, ಕಾಳಿಗೆ ಮರಳು ಸೇರುತ್ತದೆ. ಸಾಮೆ ಕಾಳು ಎಷ್ಟು ಸಣ್ಣದೆಂದರೆ ಅದೇ ಗಾತ್ರದ ಮರಳು ಜರಡಿಯಲ್ಲಿ ಬೇರೆಯಾಗುವುದಿಲ್ಲ; ತೂಕದ ವ್ಯತ್ಯಾಸ ಹಿಡಿಯುವ ಯಂತ್ರವೇ ಬೇಕು. ಊರಿಗೊಂದು ಸಿಮೆಂಟಿನ ಕಣ, ಮೇಲೆ ಒಂದು ಮಾಡು ಇದ್ದರೆ ಆ ದುಬಾರಿ ಯಂತ್ರದ ಕೆಲಸ ಅರ್ಧ ಕಡಿಮೆಯಾಗುತ್ತದೆ. ನಿಮ್ಮ ಕೃಷಿ ಎಂಜಿನಿಯರುಗಳು ನಮ್ಮ ಗಾಳಿಯ ದಿಕ್ಕು ನೋಡಿ ಅದರ ನಕ್ಷೆ ಬರೆದುಕೊಟ್ಟರೆ, ಉದ್ಯೋಗ ಖಾತರಿಯಲ್ಲಿ ನಾವೇ ಕಟ್ಟಿಕೊಳ್ಳುತ್ತೇವೆ.

ನಾಲ್ಕನೆಯದು ನಿಮ್ಮ ವಿದ್ಯಾರ್ಥಿಗಳು. ಕೃಷಿ ಪದವಿಯ ಕೊನೆಯ ವರ್ಷದ ಮಕ್ಕಳು ಗ್ರಾಮೀಣ ಕಾರ್ಯಾನುಭವಕ್ಕೆಂದು ನಮ್ಮ ಹಳ್ಳಿಗಳಿಗೆ ಬಂದು ಇರುತ್ತಾರೆ. ನೆಲದ ಮೇಲೆ ರಂಗೋಲಿಯಲ್ಲಿ ಊರಿನ ನಕ್ಷೆ ಬರೆಯುತ್ತಾರೆ, ಅಜೋಲ ತೊಟ್ಟಿ ಮಾಡಿ ತೋರಿಸುತ್ತಾರೆ, ಬೀಜೋಪಚಾರ ಹೇಳಿಕೊಡುತ್ತಾರೆ. ಒಳ್ಳೆಯ ಮಕ್ಕಳು. ಅವರು ಹೋದ ಮೇಲೆ ಊರು ಬರಿದೆನಿಸುತ್ತದೆ. ಆ ಮಕ್ಕಳಿಗೆ ಒಂದು ಚೀಲದ ಘಟಕವನ್ನು ಒಪ್ಪಿಸಿ. ಯಾರ ಚೀಲದಲ್ಲಿ ಎಷ್ಟು ಅಕ್ಕಿ ಬಂತು, ಎಷ್ಟು ನುಚ್ಚಾಯಿತು, ಎಷ್ಟು ಕಲ್ಲು ಸಿಕ್ಕಿತು, ಯಾವ ತಳಿಯ ಹೊಟ್ಟು ಬೇಗ ಬಿಟ್ಟಿತು ಎಂದು ಅವರು ಬರೆದಿಟ್ಟ ಪುಸ್ತಕ ನಿಮ್ಮ ತಳಿವಿಜ್ಞಾನಿಗಳಿಗೆ ದಾರಿ ತೋರಿಸುತ್ತದೆ. ಸಣ್ಣ ಸಿರಿಧಾನ್ಯಗಳ ಅಖಿಲ ಭಾರತ ಸಂಶೋಧನಾ ಯೋಜನೆಯ ಕೇಂದ್ರಸ್ಥಾನವಾಗಿ ದುಡಿದ ನೆಲ ಬೆಂಗಳೂರಿನ ಜಿಕೆವಿಕೆ. ಹೆಚ್ಚು ಕಾಳು ಕೊಡುವ ತಳಿಯಷ್ಟೇ ಸುಲಭವಾಗಿ ಹೊಟ್ಟು ಬಿಡುವ ತಳಿಯೂ ನಮಗೆ ಬೇಕು ಎಂಬ ಮಾತು ಅಲ್ಲಿಗೆ ಮುಟ್ಟುವುದು ಇಂಥ ಪುಸ್ತಕದಿಂದಲೇ.

ಕೊನೆಯದು, ಲೆಕ್ಕ. ವಾರ್ಷಿಕ ವರದಿಯಲ್ಲಿ ಎಷ್ಟು ಚದರಡಿ ಕಟ್ಟಿದೆವು, ಎಷ್ಟು ಮಂದಿ ತರಬೇತಿಗೆ ಸಹಿ ಹಾಕಿದರು ಎಂದು ಬರೆಯುವ ಸಾಲುಗಳ ಕೆಳಗೆ ಇನ್ನೊಂದು ಸಾಲು ಸೇರಿಸಿ: ಐದು ಎಕರೆಯೊಳಗಿನ ಎಷ್ಟು ರೈತರು ಎಷ್ಟು ಚೀಲ ತಂದರು, ಎಷ್ಟು ಜನ ವಾಪಸ್ ಹೋದರು. ವಾಪಸ್ ಹೋದವರ ಸಂಖ್ಯೆ ಬರೆಯಲು ಧೈರ್ಯ ಬೇಕು. ಅದನ್ನು ಬರೆದ ವರ್ಷವೇ ಅದು ಇಳಿಯಲು ಶುರುವಾಗುತ್ತದೆ.

ವಿಶ್ವವಿದ್ಯಾಲಯ ಗಿರಣಿ ನಡೆಸಬೇಕೇ, ಅದು ವ್ಯಾಪಾರಸ್ಥರ ಕೆಲಸವಲ್ಲವೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಲಾಭ ಇರುವ ಕಡೆ ವ್ಯಾಪಾರಸ್ಥರು ಬರಲಿ, ಬಂದಿದ್ದಾರೆ ಕೂಡ. ಒಂದು ಚೀಲದಲ್ಲಿ ಅವರಿಗೆ ಲಾಭ ಕಂಡಿಲ್ಲ, ಅದಕ್ಕೇ ಆ ಬಾಗಿಲು ಮುಚ್ಚಿದೆ. ಅದನ್ನು ತೆರೆಯುವ ದಾರಿ ಹುಡುಕುವುದು ಸಂಶೋಧನೆಯ ಕೆಲಸವೇ. ನಿಮ್ಮ ಪ್ರಯೋಗಾಲಯಕ್ಕೆ ಬರುವ ಸಾಮೆ ತೊಳೆದಂತೆ ಶುದ್ಧವಾಗಿರುತ್ತದೆ. ನಮ್ಮ ಸಾಮೆಯಲ್ಲಿ ಕಲ್ಲು, ಕಳೆಬೀಜ, ಹಸಿಕಾಳು ಎಲ್ಲ ಇರುತ್ತವೆ. ನಮ್ಮ ಚೀಲದ ಮೇಲೆ ಗೆದ್ದ ಯಂತ್ರ ಮಾತ್ರ ಹಳ್ಳಿಯಲ್ಲಿ ಗೆಲ್ಲುತ್ತದೆ. ನಮ್ಮ ಒಂದು ಚೀಲ ನಿಮಗೆ ಪರೀಕ್ಷೆಯ ಸಾಮಗ್ರಿಯೂ ಹೌದು.

ರೈತರೆಲ್ಲ ಸೇರಿ ಐದು ಕ್ವಿಂಟಾಲ್ ಕೂಡಿಸಬಾರದೇ ಎಂದೂ ಕೇಳುತ್ತಾರೆ. ಮಾರುವುದಕ್ಕೆ ಕೂಡಿಸುತ್ತೇವೆ, ಕೂಡಿಸಬೇಕು. ಉಣ್ಣುವುದಕ್ಕೆ ಕೂಡಿಸಲಾಗುವುದಿಲ್ಲ. ನಾನು ರಾಸಾಯನಿಕ ಹಾಕದೆ ಬೆಳೆದ ಸಾಮೆ ನನ್ನ ಮೊಮ್ಮಗುವಿನ ಬಟ್ಟಲಿಗೆ ಹೋಗಬೇಕೆಂದು ಎತ್ತಿಟ್ಟದ್ದು. ಹತ್ತು ಮನೆಯ ಕಾಳಿನಲ್ಲಿ ಬೆರೆತು ಬಂದ ಅಕ್ಕಿಯಲ್ಲಿ ಅದು ಎಲ್ಲಿದೆ ಎಂದು ಹುಡುಕಲಿ? ಬೆಳೆದವರ ಮನೆಯಲ್ಲಿ ಉಣ್ಣದ ಧಾನ್ಯ ಹೊಲದಲ್ಲಿ ಬಹಳ ಕಾಲ ಉಳಿಯುವುದಿಲ್ಲ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ರಾಜ್ಯ ಸರ್ಕಾರ ರೈತ ಸಿರಿ ಯೋಜನೆಯಲ್ಲಿ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು. ಬಿತ್ತುವ ಕೈಗೆ ಸಿಕ್ಕ ಆ ಬಲ ಕುಟ್ಟುವ ಕೈಗೂ ಸಿಗಬೇಕು.

ನೀವು ನಡೆಸುವ ಸಂಸ್ಥೆಗಳ ಬೇರು ಎಲ್ಲಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. 1862ರಲ್ಲಿ ಅಮೆರಿಕದಲ್ಲಿ ಸರ್ಕಾರಿ ನೆಲ ಕೊಟ್ಟು ಕಾಲೇಜು ಕಟ್ಟಿಸುವ ಕಾಯಿದೆ ಬಂತು; 1887ರಲ್ಲಿ ಅವುಗಳಿಗೆ ಪ್ರಯೋಗಕೇಂದ್ರ ಸೇರಿತು; 1914ರಲ್ಲಿ ವಿಸ್ತರಣೆ ಸೇರಿತು. ಕಾಲೇಜು ಕಟ್ಟಿದರೆ ರೈತರಿಗೆ ಮುಟ್ಟುವುದಿಲ್ಲ, ಪ್ರಯೋಗ ಮಾಡಿದರೂ ಮುಟ್ಟುವುದಿಲ್ಲ, ಮನೆಬಾಗಿಲಿಗೆ ಹೋದರೆ ಮಾತ್ರ ಮುಟ್ಟುತ್ತದೆ ಎಂದು ಕಲಿಯಲು ಅವರಿಗೆ ಐವತ್ತೆರಡು ವರ್ಷ ಬೇಕಾಯಿತು. ಆ ಮಾದರಿಯಲ್ಲೇ 1960ರಲ್ಲಿ ಪಂತನಗರ, 1964ರಲ್ಲಿ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿದವು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರು ಕಾಲು ಹುಟ್ಟಿನಿಂದಲೇ ನಮಗೆ ಸಿಕ್ಕವು. ಆ ಮೂರನೆಯ ಕಾಲು ಇಷ್ಟು ವರ್ಷ ಹೆಚ್ಚಾಗಿ ಮಾತನ್ನು ಹೊತ್ತು ನಡೆಯಿತು. ಭಾಷಣ, ಕರಪತ್ರ, ಪ್ರಾತ್ಯಕ್ಷಿಕೆ, ಮೇಳ. ಈಗ ಅದು ಯಂತ್ರವನ್ನೂ ಪ್ರಯೋಗಾಲಯವನ್ನೂ ಹೊತ್ತು ನಡೆಯುವ ಕಾಲ ಬಂದಿದೆ.

ನವೆಂಬರಿನಲ್ಲಿ ಜಿಕೆವಿಕೆಯ ಕೃಷಿಮೇಳಕ್ಕೆ ನಮ್ಮ ಊರಿನಿಂದ ವ್ಯಾನು ಮಾಡಿಕೊಂಡು ಹೋಗುತ್ತೇವೆ. ಹೆಂಗಸರು ಯಂತ್ರಗಳ ಮಳಿಗೆಯ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಹೊಟ್ಟು ಬಿಡಿಸುವ ಯಂತ್ರವನ್ನು ಮುಟ್ಟಿ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಸುಮ್ಮನಾಗುತ್ತಾರೆ. ವಾಪಸು ಬರುವಾಗ ವ್ಯಾನಿನಲ್ಲಿ ಅದರದ್ದೇ ಮಾತು. ಅವರಾರಿಗೂ ಆ ಯಂತ್ರ ಸ್ವಂತಕ್ಕೆ ಬೇಕಿಲ್ಲ. ನಡೆದುಹೋಗುವ ದೂರದಲ್ಲಿ ಅದೊಂದು ಇರಲಿ, ತಮ್ಮ ಒಂದು ಚೀಲವನ್ನು ಯಾರೂ ಹೀಗಳೆಯದಿರಲಿ ಎಂಬುದಷ್ಟೇ ಅವರ ಆಸೆ.

ನಿಮ್ಮ ಮುಂದಿನ ಸಭೆಯಲ್ಲಿ ಯಾವುದೇ ಕಟ್ಟಡದ ನಕ್ಷೆ ಬಂದಾಗ ಈ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ: ಇಲ್ಲಿಗೆ ಬರಬಹುದಾದ ಅತಿ ಸಣ್ಣ ಪ್ರಮಾಣ ಎಷ್ಟು? ಬಿತ್ತನೆಗೋ ಸುಗ್ಗಿಗೋ ಸರಿಯಾಗಿ ಇದು ತೆರೆದಿರುತ್ತದೆಯೇ? ಹತ್ತು ವರ್ಷದ ಮೇಲೆ ಇದನ್ನು ನಡೆಸುವವರು ಯಾರು?

ಈ ವರ್ಷವೂ ಸಾಮೆ ಬಿತ್ತುತ್ತೇನೆ. ಸುಗ್ಗಿಯಾದ ಮೇಲೆ ಹೋದ ಸಲದಂತೆಯೇ ಒಂದು ಚೀಲ ಎತ್ತಿಟ್ಟಿರುತ್ತೇನೆ, ಈ ಬಾರಿ ವ್ಯಾಪಾರಿಗೆ ಕೊಡುವುದಿಲ್ಲ. ಹೊಟ್ಟಿನೊಳಗಿನ ಕಾಳು ವರ್ಷಗಟ್ಟಲೆ ಕಾಯುತ್ತದೆ ಎಂದು ಆಗಲೇ ಹೇಳಿದೆನಲ್ಲ, ಅದು ಕಾಯುತ್ತಿರುತ್ತದೆ. ಯಾವ ಕೇಂದ್ರದ ಬಾಗಿಲಿಗೆ, ಯಾವ ದಿನ ತರಲಿ ಎಂದು ತಿಳಿಸಿ.

ಇತಿ,
ನಿಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕಿ ಮತ್ತು ಸಾಮೆ ಬೆಳೆಗಾರ್ತಿ,
ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ